ಭಾನುವಾರ ಬೆಳಿಗ್ಗೆ ನಂದಿ ರಸ್ತೆಯಲ್ಲಿ ಸೈಡ್ ಕೊಡಬೇಕಾದವರು ಯಾರು?

ನಿಮ್ಮ ಪ್ರಶ್ನೆ ಇಷ್ಟು: ಭಾನುವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದಿಂದ ಕಾರಿನಲ್ಲಿ ನಂದಿ ಕಡೆಗೆ ಹೊರಟಾಗ ಬೆಂಗಳೂರಿನ ಸೈಕಲ್ ಸವಾರರು ಇಬ್ಬಿಬ್ಬರಾಗಿ ಜೊತೆಯಲ್ಲಿ ಹೋಗುತ್ತಿದ್ದರು, ಎಷ್ಟು ಹಾರ್ನ್ ಮಾಡಿದರೂ ಸೈಡ್ ಕೊಡಲಿಲ್ಲ, ಕೊನೆಗೆ ಹೇಗೋ ಮುಂದೆ ಹೋಗುವಾಗ ಅವರಲ್ಲೊಬ್ಬರು ನಿಮ್ಮ ಕಾರಿಗೆ ಕೈಯಿಂದ ಗುದ್ದಿದರು, ಮುಂದಿನ ಕ್ರಾಸಿನಲ್ಲಿ ಜಗಳವಾಯಿತು, ತಪ್ಪು ಯಾರದು? ನಾನು ಇದೇ ಊರಿನಲ್ಲಿ ಹದಿನಾರು ವರ್ಷಗಳಿಂದ ಕಾರು ಓಡಿಸುವುದನ್ನು ಕಲಿಸುತ್ತಿದ್ದೇನೆ. 2020ರ ಲಾಕ್‌ಡೌನ್‌ನಲ್ಲಿ ಕಲಿಯುವವರು ಯಾರೂ ಬಾರದೆ ಸುಮ್ಮನೆ ಕುಳಿತಿದ್ದಾಗ ಗೇರ್ ಸೈಕಲ್ ಕೊಂಡು, ಅಂದಿನಿಂದ ಅದನ್ನೂ ತುಳಿಯುತ್ತಿದ್ದೇನೆ. ಹಾಗಾಗಿ ಎರಡೂ ಕಡೆಯವರಿಂದ ಬೈಸಿಕೊಂಡ ಅನುಭವ ನನಗಿದೆ.

ಮೊದಲು ಆ ಗುದ್ದಿನ ವಿಚಾರ. ಇನ್ನೊಬ್ಬರ ವಾಹನಕ್ಕೆ ಕೈ ಹಾಕುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೈಕಲ್ಲಿನ ಮೇಲೆ ಕುಳಿತವರು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದು ಕೈ ಚಾಚಿದರೆ ಅದು ಮುಟ್ಟುವುದು ಹೆಚ್ಚೆಂದರೆ ಎರಡೂವರೆ ಅಡಿ ದೂರ. ಅವರ ಕೈಗೆ ನಿಮ್ಮ ಕಾರು ಸಿಕ್ಕಿತೆಂದರೆ ನೀವು ಅಷ್ಟು ಹತ್ತಿರದಲ್ಲಿ ಹಾದುಹೋಗಿದ್ದೀರಿ. ಹೀಗೆ ಬರೆದದ್ದಕ್ಕೆ ಬೇಸರಿಸಬೇಡಿ. ಕೆಲವು ವರ್ಷಗಳ ಹಿಂದಿನವರೆಗೆ ನಾನೇ ನನ್ನ ಶಿಷ್ಯರಿಗೆ ‘ಸೈಕಲ್ ಕಂಡರೆ ಹಾರ್ನ್ ಮಾಡಿ, ಅವರು ಸರಿದುಕೊಳ್ಳುತ್ತಾರೆ, ನೀವು ಹೋಗಿ’ ಎಂದೇ ಹೇಳಿಕೊಡುತ್ತಿದ್ದೆ.

‘ಅವರು ಸರಿದುಕೊಳ್ಳುತ್ತಾರೆ’ ಎಂಬ ನಂಬಿಕೆ ನಮಗೆಲ್ಲಿಂದ ಬಂತೆಂದು ಆಮೇಲೆ ಯೋಚಿಸಿದ್ದೇನೆ. ನಮ್ಮ ಕಡೆಯ ಹಳ್ಳಿ ರಸ್ತೆಗಳಲ್ಲಿ ಹಾಲಿನ ಕ್ಯಾನನ್ನೋ ಹುಲ್ಲಿನ ಹೊರೆಯನ್ನೋ ಕಟ್ಟಿಕೊಂಡು ಹೋಗುವ ಸೈಕಲ್ಲಿನವರು ಹಾರ್ನ್ ಕೇಳಿದ ಕೂಡಲೇ ಡಾಂಬರು ಬಿಟ್ಟು ಮಣ್ಣಿಗೆ ಇಳಿದುಬಿಡುತ್ತಾರೆ. ಅವರದು ಒಂದೂವರೆ ಅಂಗುಲ ದಪ್ಪದ ಟೈರಿನ, ಭಾರವಾದ ಸೈಕಲ್. ಮಣ್ಣಿಗಿಳಿದರೂ ನಿಲ್ಲುತ್ತದೆ, ಮತ್ತೆ ಡಾಂಬರಿನ ಮೇಲೆ ಹತ್ತುತ್ತದೆ. ಬೆಂಗಳೂರಿನಿಂದ ಬರುವ ರೇಸಿಂಗ್ ಮಾದರಿಯ ಸೈಕಲ್ಲುಗಳ ಟೈರು 25ರಿಂದ 28 ಮಿಲಿಮೀಟರ್, ಅಂದರೆ ಒಂದು ಅಂಗುಲದ ಆಸುಪಾಸು. ಡಾಂಬರಿನ ಅಂಚು ಮಣ್ಣಿಗಿಂತ ನಾಲ್ಕು ಬೆರಳು ಎತ್ತರವಿದ್ದರೂ ಸಾಕು, ಓಡುತ್ತಿರುವಾಗ ಅಲ್ಲಿಂದ ಇಳಿದ ಆ ಟೈರು ಜಾರುತ್ತದೆ, ಮತ್ತೆ ಹತ್ತಿಸಹೋದರೆ ಅಂಚಿಗೆ ಉಜ್ಜಿ ಸವಾರನನ್ನು ಕೆಡವುತ್ತದೆ. ಇದರ ಮೇಲೆ ಕ್ರಷರ್‌ಗಳಿಂದ ಬರುವ ಟಿಪ್ಪರ್‌ಗಳು ಚೆಲ್ಲಿದ ಜಲ್ಲಿ ಪುಡಿಯೂ ಎಂ-ಸ್ಯಾಂಡೂ ಚಕ್ರಗಳ ಓಟಕ್ಕೆ ಸರಿದು ಸರಿದು ರಸ್ತೆಯ ಅಂಚಿನಲ್ಲೇ ಬಂದು ಕೂರುತ್ತವೆ. ಅಂಚಿನಿಂದ ಎರಡು ಮೂರು ಅಡಿ ಒಳಗೆ ತುಳಿಯುವವರು ನಿಮ್ಮನ್ನು ಅಡ್ಡಗಟ್ಟಲೆಂದು ಹಾಗೆ ಮಾಡುತ್ತಿಲ್ಲ, ಬೀಳಬಾರದೆಂದು ಮಾಡುತ್ತಿದ್ದಾರೆ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. 2022ರ ಮಳೆಗಾಲದಲ್ಲಿ ಒಂದು ಕಾರು ನನ್ನ ಮೊಣಕೈಗೆ ಗಾಳಿ ತಾಗುವಷ್ಟು ಹತ್ತಿರ ಹೋದಾಗ ಹೆದರಿ ಮಣ್ಣಿಗಿಳಿದು, ಬಿದ್ದು, ಭುಜದ ಮುಂದಿನ ಮೂಳೆ ಮುರಿದುಕೊಂಡೆ. ಆ ಕಾರಿನವನಿಗೆ ನಾನು ಬಿದ್ದದ್ದು ಗೊತ್ತಾಗಿರಲಿಕ್ಕೂ ಇಲ್ಲ.

ಹಾಲಿನ ಕ್ಯಾನಿನವರೊಡನೆ ನಮಗೆ ಎಂದೂ ಜಗಳವಾಗಿಲ್ಲ, ನಿಜ. ಆದರೆ ಅವರು ಸುಮ್ಮನೆ ಇಳಿದುಕೊಡುತ್ತಿದ್ದುದನ್ನು ನಾವು ನಿಯಮವೆಂದು ತಿಳಿದುಬಿಟ್ಟೆವು. ಮೋಟಾರು ವಾಹನಗಳ ಚಾಲನೆಯ ಕುರಿತ 2017ರ ವಿನಿಯಮಗಳಲ್ಲಿ ಹಿಂದಿಕ್ಕುವ ಹೊಣೆ ಹಿಂದಿಕ್ಕುವವನ ಮೇಲಿದೆ: ಎದುರಿನಿಂದ ಬರುವವರಿಗೆ ಅಪಾಯವಾಗುವಂತಿದ್ದರೆ, ತಿರುವಿನಲ್ಲಿ, ಮುಂದಿನ ರಸ್ತೆ ಕಾಣದ ಕಡೆಯಲ್ಲಿ ಹಿಂದಿಕ್ಕುವಂತಿಲ್ಲ. ಮುಂದಿರುವವರು ತಮ್ಮನ್ನು ದಾಟಲು ಬಂದವರಿಗೆ ಬೇಕೆಂದು ಅಡ್ಡಿ ಮಾಡಬಾರದು, ಅಷ್ಟೇ. ಡಾಂಬರು ಬಿಟ್ಟು ಇಳಿಯಬೇಕೆಂದು ಎಲ್ಲಿಯೂ ಇಲ್ಲ. ಇನ್ನು 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೆಯ ಕಲಂ ಕಾನೂನಿಗೆ ವಿರುದ್ಧವಾಗಿ ಹಿಂದಿಕ್ಕುವುದನ್ನೂ ಅಪಾಯಕಾರಿ ಚಾಲನೆಯ ಪಟ್ಟಿಯಲ್ಲಿ ಸೇರಿಸಿದೆ. ಮೊದಲ ಸಲವೇ 1,000ದಿಂದ 5,000 ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳಿಂದ ಒಂದು ವರ್ಷದವರೆಗೆ ಸಜೆ. ಎಷ್ಟು ಅಂತರ ಬಿಡಬೇಕೆಂಬ ಲೆಕ್ಕವನ್ನು ಮಾತ್ರ ನಮ್ಮ ಕಾನೂನು ಮೀಟರುಗಳಲ್ಲಿ ಹೇಳುವುದಿಲ್ಲ. ಜರ್ಮನಿಯಲ್ಲಿ 2020ರಿಂದ ಊರೊಳಗೆ ಒಂದೂವರೆ ಮೀಟರ್, ಊರಾಚೆ ಎರಡು ಮೀಟರ್ ಎಂಬ ನಿಯಮವಿದೆ. ನಾನು ಈಗ ಶಿಷ್ಯರಿಗೆ ‘ಸುಮಾರು ಒಂದು ಮಾರು ಬಿಡಿ’ ಎನ್ನುತ್ತೇನೆ. ಮೀಟರ್ ಅಂದಾಜು ಸಿಗದವರಿಗೂ ಎರಡು ಕೈ ಚಾಚಿದಷ್ಟು ಅಗಲ ಎಂದರೆ ಕಣ್ಣಿಗೆ ಕಟ್ಟುತ್ತದೆ.

ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಎರಡು ಲೇನಿನ ರಸ್ತೆಯೆಂದರೆ ಡಾಂಬರಿನ ಅಗಲ ಸಾಮಾನ್ಯವಾಗಿ 7 ಮೀಟರ್. ಟಿಪ್ಪರ್ ಅಗಲ ಸುಮಾರು ಎರಡೂವರೆ ಮೀಟರ್, ಎದುರಿನಿಂದ ಬರುವ ಬಸ್ಸಿನದೂ ಅಷ್ಟೇ, ಸೈಕಲ್ ಹ್ಯಾಂಡಲ್ 60 ಸೆಂಟಿಮೀಟರ್. ಮೂರೂ ಒಂದೇ ಜಾಗಕ್ಕೆ ಬಂದಾಗ ಉಳಿಯುವುದು 1.4 ಮೀಟರ್, ಅದನ್ನು ನಾಲ್ಕು ಸಂದುಗಳಿಗೆ ಹಂಚಿದರೆ ಒಂದೊಂದಕ್ಕೆ ಒಂದೂವರೆ ಗೇಣು. ಸೈಕಲ್ ಸವಾರ ಅಂಚಿನಲ್ಲೇ ಇರಲಿ, ಎರಡಡಿ ಒಳಗೇ ಇರಲಿ, ಎದುರಿನ ಲೇನು ಖಾಲಿಯಿಲ್ಲದಿದ್ದರೆ ಅವನನ್ನು ದಾಟಲು ಜಾಗವೇ ಇಲ್ಲ. ಅಂಚಿನಲ್ಲಿದ್ದರೆ ಜಾಗವಿದೆ ಎಂಬ ಭ್ರಮೆಯಾದರೂ ಹಿಂದಿನವನಿಗೆ ಬರುತ್ತದೆ, ಆಗಲೇ ಅವನು ತೂರಲು ಹೋಗುವುದು.

ಇಬ್ಬಿಬ್ಬರಾಗಿ ತುಳಿಯುವ ವಿಷಯದಲ್ಲಿ ನಾನು ಪೂರ್ತಿ ಸವಾರರ ಪಕ್ಷದವನಲ್ಲ. ಅವರು ಹೇಳುವ ವಾದದಲ್ಲಿ ಸತ್ಯವಿದೆ: ಹತ್ತು ಸೈಕಲ್ಲುಗಳು ಒಂದರ ಹಿಂದೆ ಒಂದು ಹೋದರೆ ಸಾಲಿನ ಉದ್ದ 36 ಮೀಟರಿನಷ್ಟು, ಜೊತೆ ಜೊತೆಯಾಗಿ ಹೋದರೆ ಅದರ ಅರ್ಧಕ್ಕೂ ಕಡಿಮೆ. ಅವರು ಗಂಟೆಗೆ 25 ಕಿಲೋಮೀಟರ್, ನೀವು 50 ಎಂದಿಟ್ಟುಕೊಂಡರೆ ಕಾರಿನ ಉದ್ದವನ್ನೂ ಹಿಂದೆ ಮುಂದೆ ಬಿಡಬೇಕಾದ ಜಾಗವನ್ನೂ ಸೇರಿಸಿ ಉದ್ದ ಸಾಲನ್ನು ದಾಟಲು ನಿಮಗೆ ಸುಮಾರು 120 ಮೀಟರ್ ಖಾಲಿ ರಸ್ತೆ ಬೇಕು, ಜೋಡಿ ಸಾಲಿಗೆ ಸುಮಾರು 80 ಸಾಕು. ಎದುರಿನಿಂದ ಬರುವ ವಾಹನದ ಓಟವನ್ನು ಇದಕ್ಕೆ ಬೇರೆಯಾಗಿ ಸೇರಿಸಿಕೊಳ್ಳಬೇಕು. ಆದರೆ ಈ ವಾದ 7 ಮೀಟರ್ ರಸ್ತೆಗೆ ಹೊಂದುತ್ತದೆಯೇ ಹೊರತು, ಹೆದ್ದಾರಿ ಬಿಟ್ಟ ಮೇಲೆ ಸಿಗುವ ಐದೂವರೆ ಮೀಟರಿನ ಹಳ್ಳಿ ರಸ್ತೆಗೆ ಹೊಂದುವುದಿಲ್ಲ. ಅಲ್ಲಿ ಜೋಡಿ ಸೈಕಲ್ಲುಗಳಿಗೆ ಒಂದೂವರೆ ಮೀಟರ್ ಬಿಟ್ಟು ಹೋಗುವ ಕಾರಿನ ಬಲ ಚಕ್ರ ಡಾಂಬರಿನ ಕೊನೆಯಲ್ಲಿರುತ್ತದೆ, ಟಿಪ್ಪರ್ ಆದರೆ ದಾಟುವಂತೆಯೇ ಇಲ್ಲ. ದ್ರಾಕ್ಷಿಯನ್ನೋ ಹೂವನ್ನೋ ತುಂಬಿಕೊಂಡು ಮಾರುಕಟ್ಟೆಗೆ ಹೊತ್ತಿಗೆ ಸರಿಯಾಗಿ ತಲುಪಬೇಕಾದ ಟೆಂಪೊ ಚಾಲಕನಿಗೆ ಎರಡು ಕಿಲೋಮೀಟರ್ ಹೀಗೆ ಹಿಂದೆ ಹೋಗಬೇಕಾಗಿ ಬಂದರೆ ಸಿಟ್ಟು ಬರುವುದು ಸಹಜ. ಅಂಥ ರಸ್ತೆಯಲ್ಲಿ ಒಂಟಿ ಸಾಲಾಗಬೇಕು, ಗುಂಪು ದೊಡ್ಡದಿದ್ದರೆ ಐದೈದು ಜನರಾಗಿ ಒಡೆದು ನಡುವೆ ಒಂದು ಕಾರು ನುಸುಳುವಷ್ಟು ಜಾಗ ಬಿಡಬೇಕು. ನಾನು ಜೊತೆಯಲ್ಲಿದ್ದಾಗ ಹೀಗೆಯೇ ಮಾಡಿಸುತ್ತೇನೆ; ಮಾತು ಮುರಿಯುತ್ತದೆಂದು ಕೆಲವರು ಗೊಣಗುತ್ತಾರೆ.

ಜಗಳ ಹತ್ತಿಕೊಳ್ಳುವುದು ಬಹುತೇಕ ಹಾರ್ನಿನಿಂದ. ಈ ಭಾಗದ ಚಾಲಕರಿಗೆ ಹಾರ್ನ್ ಎಂದರೆ ‘ನಾನಿದ್ದೇನೆ’ ಎಂಬ ಸೂಚನೆ. ಲಾರಿಗಳ ಹಿಂದೆ ಹಾರ್ನ್ ಮಾಡಿ ಎಂದು ನಾವೇ ಬರೆಸಿಕೊಂಡು ಬೆಳೆದವರು. ತಲೆಯ ಮೇಲೆ ಗಾಜಾಗಲಿ ತಗಡಾಗಲಿ ಇಲ್ಲದ ಸವಾರನಿಗೆ ಅದು ಹತ್ತಡಿ ಹಿಂದೆ ಕೇಳಿಸಿದರೆ ಬೆಚ್ಚಿ ಹ್ಯಾಂಡಲ್ ಅಲುಗುತ್ತದೆ, ಅವನಿಗೆ ಅದು ಬೈಗುಳವಾಗಿಯೇ ಕೇಳಿಸುತ್ತದೆ. ಒಬ್ಬ ಟಿಪ್ಪರ್ ಚಾಲಕ ನನ್ನೊಡನೆ ವಾದಕ್ಕಿಳಿದಿದ್ದ: ‘ಸಾರ್, ಹಾರ್ನ್ ಮಾಡದೆ ಹೋದರೆ ಸದ್ದಿಲ್ಲದೆ ಬಂದ ಅಂತೀರಿ, ಮಾಡಿದರೆ ಬಾಯಿಗೆ ಬಂದಂಗೆ ಬೈತೀರಿ, ನಾನೇನು ಮಾಡಲಿ?’ ಅವನ ಮಾತಿನಲ್ಲಿ ನ್ಯಾಯವಿತ್ತು. ಐವತ್ತು ಅರವತ್ತು ಮೀಟರ್ ಹಿಂದೆ ಇರುವಾಗಲೇ ಒಂದು ಸಲ ಸಣ್ಣಗೆ ಮಾಡಿ, ಹತ್ತಿರ ಬಂದ ಮೇಲೆ ಕೈ ತೆಗೆದುಬಿಡಿ ಎಂದೆ. ಹಲವು ಸ್ವರಗಳಲ್ಲಿ ಕೂಗುವ ಹಾರ್ನಿಗಂತೂ ನಿಯಮದಲ್ಲಿ ಮೊದಲಿನಿಂದಲೂ ಅವಕಾಶವಿಲ್ಲ, ಅದು ಬೇರೆ ಮಾತು.

ಬೆಟ್ಟದ ರಸ್ತೆಗೆ ಬಂದರೆ ಲೆಕ್ಕ ಬೇರೆ. 1,478 ಮೀಟರ್ ಎತ್ತರದ ಆ ಬೆಟ್ಟಕ್ಕೆ ತಿರುವಿನ ಮೇಲೆ ತಿರುವು. ಏರುವ ಸೈಕಲ್ ಗಂಟೆಗೆ ಏಳೆಂಟು ಕಿಲೋಮೀಟರಿಗೆ ಇಳಿದಿರುತ್ತದೆ, ಆ ವೇಗದಲ್ಲಿ ನೇರವಾಗಿ ಹೋಗಲಾರದೆ ಅತ್ತಿತ್ತ ಒಂದಡಿ ವಾಲುತ್ತದೆ, ಆದ್ದರಿಂದ ಇನ್ನೂ ಹೆಚ್ಚು ಜಾಗ ಬೇಡುತ್ತದೆ. ಇಳಿಯುವಾಗ ಅದೇ ಸವಾರರು ಕಾರುಗಳನ್ನು ಎಡಗಡೆಯಿಂದ ದಾಟಿ ಹೋಗುವುದನ್ನು, ತಿರುವಿನಲ್ಲಿ ಎದುರು ಲೇನಿಗೆ ಬರುವುದನ್ನು ನಾನು ಕಂಡಿದ್ದೇನೆ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಘಾಟಿಯ ಇಕ್ಕಟ್ಟಿನಲ್ಲಿ ಇಳಿಯುವವರು ಏರುವವರಿಗೆ ದಾರಿ ಬಿಡಬೇಕೆಂಬ ನಿಯಮ ಹಳೆಯದು, ಸೈಕಲ್ಲಿನಲ್ಲಿ ಬರುವವರಿಗೆ ಅದು ನೆನಪಿದ್ದರೆ ಒಳ್ಳೆಯದು. ನೀವು ಏರುವಾಗ ಸೈಕಲ್ ಮುಂದೆ ಸಿಕ್ಕರೆ ತಿರುವು ಮುಗಿದು ಮುಂದಿನ ರಸ್ತೆ ಕಾಣುವವರೆಗೆ ಹಿಂದೆಯೇ ಇರಿ, ಹೆಚ್ಚೆಂದರೆ ಒಂದು ನಿಮಿಷ ಹೋಗುತ್ತದೆ. ಆಗ ಎರಡನೇ ಗೇರಿನಲ್ಲಿ ಅರ್ಧ ಕ್ಲಚ್ ಒತ್ತಿಕೊಂಡು ಎಳೆಸಬೇಡಿ, ಒಂದನೇ ಗೇರಿಗೆ ಹಾಕಿ ಕ್ಲಚ್ಚಿನಿಂದ ಕಾಲು ತೆಗೆಯಿರಿ. ಭಾನುವಾರ ಬೆಳಗಿನ ಹೊತ್ತು ಆ ದಾರಿಯಲ್ಲಿ ಮೂಗಿಗೆ ಬಡಿಯುವ ಸುಟ್ಟ ವಾಸನೆ ಹೆಚ್ಚಾಗಿ ಕ್ಲಚ್ ಪ್ಲೇಟಿನದೇ.