ಗಂಡನ ಹೆಸರು ಹೊತ್ತ ಅಂಕಿತದಲ್ಲಿ ಆಯ್ದಕ್ಕಿ ಲಕ್ಕಮ್ಮನ ಸ್ವಂತ ದನಿ ಇದೆಯೇ?

‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂಬ ಅಂಕಿತವನ್ನು, ಅಂದರೆ ವಚನದ ಕೊನೆಯಲ್ಲಿ ಮುದ್ರೆಯಾಗಿ ಬರುವ ಹೆಸರನ್ನು ನೋಡಿ, ವಚನಕಾರ್ತಿ ಲಕ್ಕಮ್ಮ ಗಂಡ ಮಾರಯ್ಯನ ನೆರಳಿನಲ್ಲಿ ಬರೆದವಳೇ ಎಂದು ತಾವು ಕೇಳಿದ್ದೀರಿ. ಖಂಡಿತ ಅಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ 12ನೇ ಶತಮಾನದ ಈ ದಂಪತಿಗಳಿಬ್ಬರೂ ವಚನಕಾರರು. ಮಾರಯ್ಯನ ಅಂಕಿತ ‘ಅಮರೇಶ್ವರಲಿಂಗ’. ಲಕ್ಕಮ್ಮ ಅದಕ್ಕೆ ಅವನ ಹೆಸರನ್ನೂ ಸೇರಿಸಿಕೊಂಡಳು. ಆದರೆ ಅಂಕಿತದಲ್ಲಿ ಹೀಗೆ ಜೊತೆಯಾದವಳು ವಚನದೊಳಗೆ ಅವನನ್ನೇ ತಿದ್ದುತ್ತಾಳೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಆಕೆ ‘ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ’ ಎಂದು, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಲು ಹೇಳಿದಳೆಂಬುದು ಪರಂಪರೆಯಿಂದ ಬಂದ ಕಥೆ. ‘ನಿಮಗೇಕೆ’ ಎಂಬ ಬಹುವಚನದ ಗೌರವವನ್ನು ಬಿಡದೆಯೇ ಗಂಡನ ಆಸೆಯನ್ನು ಪ್ರಶ್ನಿಸುವ ಆ ಬಿಗಿ ನನಗೆ ಪ್ರತಿ ಓದಿನಲ್ಲೂ ಬೆರಗು ತರಿಸುತ್ತದೆ. ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಮರೆಯಬೇಕೆಂದು ಬರೆದವನು ಮಾರಯ್ಯ. ಆ ಕಾಯಕದ ಮಿತಿಯನ್ನು ಕಾಣಿಸಿದವಳು ಲಕ್ಕಮ್ಮ. ಇಬ್ಬರ ವಚನಗಳನ್ನು ಒಟ್ಟಿಗೆ ಇಟ್ಟು ಓದಿದಾಗಲೇ ಈ ಸಂವಾದ ಪೂರ್ತಿಯಾಗಿ ಕೇಳಿಸುತ್ತದೆ.

ಗಂಡನ ಅಂಕಿತವನ್ನು ಹೀಗೆ ಬೆಳೆಸಿಕೊಂಡವಳು ಲಕ್ಕಮ್ಮ ಒಬ್ಬಳೇ ಅಲ್ಲ. ಇನ್ನೊಬ್ಬ ವಚನಕಾರ್ತಿ ಮೋಳಿಗೆ ಮಹಾದೇವಿಯ ‘ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ’ ಎಂಬುದೂ ಆಕೆಯ ಪತಿ ಮೋಳಿಗೆ ಮಾರಯ್ಯನ ಅಂಕಿತದಿಂದಲೇ ಬೆಳೆದದ್ದು.