ಮೆಷಿನ್ ಕೆಟ್ಟರೂ ಖುಷಿಪಡಬೇಕಾ?

ಪ್ರಶ್ನೆ: ವಾಷಿಂಗ್ ಮೆಷಿನ್ ಕೆಟ್ಟು ಎರಡು ವಾರ ಆಯಿತು. ಮನೆಯವರೆಲ್ಲರ ಬಟ್ಟೆ ನಾನೇ ಕೈಯಲ್ಲಿ ಒಗೆಯುತ್ತಿದ್ದೇನೆ. ಕಟ್ಟಡದ ಲಿಫ್ಟ್ ಕೂಡ ದಿನ ಬಿಟ್ಟು ದಿನ ಕೈಕೊಡುತ್ತದೆ. ಗೊಣಗಿದರೆ ನನ್ನ ಗಂಡ, ‘ಎಷ್ಟೋ ಜನರಿಗೆ ಇಷ್ಟೂ ಇಲ್ಲ, ಇರೋದಕ್ಕೆ ಖುಷಿಪಡು’ ಅನ್ನುತ್ತಾರೆ. ಗೆಳತಿಯ ಮಾತು ಕೇಳಿ ದಿನಾ ರಾತ್ರಿ ಐದು ಒಳ್ಳೆಯ ಸಂಗತಿ ಬರೆಯಲು ಶುರು ಮಾಡಿದೆ. ಈಗ ಅದೂ ಹೋಂವರ್ಕ್ ಥರ ಆಗಿದೆ. ಇಷ್ಟು ಚಿಕ್ಕ ವಿಷಯಕ್ಕೆ ಸಿಡುಕುವ ನಾನು ಕೃತಜ್ಞತೆಯೇ ಇಲ್ಲದವಳಾ?

ಉತ್ತರ: ಖಂಡಿತ ಅಲ್ಲ. ನೀವು ದಣಿದಿದ್ದೀರಿ, ಅಷ್ಟೇ.

ನಿಮ್ಮ ಯಜಮಾನರ ಶರ್ಟು ಎಂದಿನಂತೆ ಒಣಗಿ, ಮಡಿಸಿಕೊಂಡು ಕಪಾಟು ಸೇರುತ್ತಿದೆ. ಹಾಗಿರುವಾಗ ಖುಷಿಪಡು ಅನ್ನೋದು ಸುಲಭ ಅಲ್ವಾ? ಮುಂದಿನ ಸಲ ನೆನೆದ ಹೊದಿಕೆ ಹಿಂಡುವಾಗ ಅವರನ್ನೂ ಕರೆಯಿರಿ. ಒಂದು ತುದಿ ಅವರ ಕೈಗೆ, ಇನ್ನೊಂದು ನಿಮ್ಮ ಕೈಗೆ. ಒಬ್ಬರು ಈ ಕಡೆ, ಇನ್ನೊಬ್ಬರು ಆ ಕಡೆ ತಿರುಚಬೇಕು. ನೀರು ಮೊಣಕೈವರೆಗೆ ಇಳಿಯುತ್ತದೆ, ಅಂಗೈ ಕೆಂಪಾಗುತ್ತದೆ. ಮೆಕ್ಯಾನಿಕ್‌ಗೆ ಫೋನ್ ಮಾಡಬೇಕು ಅಂತ ಅವರಿಗೆ ತಾನಾಗಿಯೇ ನೆನಪಾಗಬಹುದು. (ಸೇಡು ತೀರಿಸಿಕೊಳ್ಳಿ ಅಂತ ಹೇಳುತ್ತಿಲ್ಲ. ಸ್ವಲ್ಪ ಹಾಗೇ ಕೇಳಿಸಿದರೂ ಪರವಾಗಿಲ್ಲ.)

ಸರಿಮಾಡಬಹುದಾದ ತೊಂದರೆಯನ್ನು ಮೊದಲು ಸರಿಮಾಡಿಸಿ. ಅದರಲ್ಲಿ ಒಳ್ಳೆಯದನ್ನು ಹುಡುಕುತ್ತಾ ಕೂರಬೇಡಿ. ಚಿಕ್ಕ ವಿಷಯ ಅಂತ ನಿಮ್ಮನ್ನು ನೀವೇ ಬೈದುಕೊಳ್ಳುವುದೂ ಬೇಡ. 1981ರಲ್ಲಿ ಮನಶ್ಶಾಸ್ತ್ರಜ್ಞ ರಿಚರ್ಡ್ ಲಜಾರಸ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನದಲ್ಲಿ, ಮನಸ್ಸಿನ ತೊಂದರೆಗಳಿಗೆ ಜೀವನದ ದೊಡ್ಡ ಘಟನೆಗಳಿಗಿಂತ ದಿನನಿತ್ಯದ ಕಿರಿಕಿರಿಗಳ ನಂಟೇ ಜಾಸ್ತಿ ಕಂಡಿತ್ತು. ದೊಡ್ಡ ಕಷ್ಟ ಬಂದರೆ ಹತ್ತು ಜನ ಬಂದು ವಿಚಾರಿಸುತ್ತಾರೆ. ಒದ್ದೆ ಬಟ್ಟೆಯ ರಾಶಿಯನ್ನು ಯಾರು ವಿಚಾರಿಸುತ್ತಾರೆ?

ಡೈರಿಯ ವಿಷಯ. ದಿನಾ ಬರೆಯುವುದನ್ನು ನಿಲ್ಲಿಸಿ. ಸೋನ್ಯಾ ಲ್ಯುಬೊಮಿರ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞೆ ನಡೆಸಿದ ಒಂದು ಪ್ರಯೋಗದಲ್ಲಿ, ಒಳ್ಳೆಯ ಸಂಗತಿಗಳನ್ನು ವಾರಕ್ಕೊಮ್ಮೆ ಬರೆದವರಿಗೆ ಲಾಭವಾಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ಬರೆಯಲೇಬೇಕು ಅಂತ ಕೂತರೆ ಮನಸ್ಸು ಸುಮ್ನೆ ಹಳೆಯ ಪಟ್ಟಿಯನ್ನೇ ಒಪ್ಪಿಸಿಬಿಡುತ್ತದೆ. ಐದರ ಬದಲು ಒಂದೇ ಬರೆಯಿರಿ, ಆದರೆ ವಿವರವಾಗಿ.

ಏನು ಬರೆಯುವುದು? ಇಲ್ಲಿ ನಿಮ್ಮ ಕೆಟ್ಟ ಮೆಷಿನ್ ಉಪಯೋಗಕ್ಕೆ ಬರುತ್ತದೆ. 2008ರಲ್ಲಿ ಮಿನ್‌ಕ್ಯುಂಗ್ ಕೂ ಎಂಬ ಸಂಶೋಧಕಿ ಮತ್ತು ಜೊತೆಗಾರರು ಒಂದು ವಿಷಯ ತೋರಿಸಿದರು. ನಮ್ಮ ಬಾಳಿನಲ್ಲಿ ಆದ ಒಳ್ಳೆಯದನ್ನು ಸುಮ್ಮನೆ ನೆನೆಯುವುದಕ್ಕಿಂತ, ಅದು ಆಗದೇ ಹೋಗಿದ್ದರೆ ಅಂತ ಯೋಚಿಸಿದಾಗ ಮನಸ್ಸು ಹೆಚ್ಚು ಹಗುರವಾಗುತ್ತದೆ. ನೀವು ಕಷ್ಟಪಟ್ಟು ಊಹಿಸಿಕೊಳ್ಳಬೇಕಿಲ್ಲ, ಎರಡು ವಾರದಿಂದ ಅನುಭವಿಸುತ್ತಲೇ ಇದ್ದೀರಿ. ಮೆಷಿನ್ ಇದ್ದಾಗ ಒಂದು ಗುಂಡಿ ಒತ್ತಿ ನೀವು ಎದ್ದುಹೋಗುತ್ತಿದ್ದಿರಿ. ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದಿರಿ? ಓದುತ್ತಿದ್ದಿರಾ, ಮಲಗುತ್ತಿದ್ದಿರಾ, ಯಾರಿಗಾದರೂ ಫೋನ್ ಮಾಡುತ್ತಿದ್ದಿರಾ? ಈಗಲೇ ಬರೆದಿಡಿ. ಮೆಷಿನ್ ರಿಪೇರಿಯಾದ ಮೇಲೆ ಮೊದಲ ಕೆಲವು ದಿನ ಅದರ ಸದ್ದು ಕೇಳಿದರೇ ಹಿತ ಅನಿಸುತ್ತದೆ. ಆಮೇಲೆ ಮರೆತುಹೋಗುತ್ತದೆ. ಎಲ್ಲರಿಗೂ ಹಾಗೇ. ಆಗ ಆ ಹಾಳೆ ತೆಗೆದು ಓದಿ.

ಯಜಮಾನರ ಸಲಹೆಗೂ ಇದಕ್ಕೂ ಏನು ವ್ಯತ್ಯಾಸ ಅಂತೀರಾ? ಅವರು ನಿಮ್ಮನ್ನು ಬೇರೆಯವರ ಕಷ್ಟದ ಪಕ್ಕ ನಿಲ್ಲಿಸುತ್ತಾರೆ. ಅದರಿಂದ ಬಟ್ಟೆಯೂ ಒಗೆದಾಗಲ್ಲ, ಆ ಜನರಿಗೂ ಏನೂ ಸಿಗಲ್ಲ. ನಾನು ಹೇಳುತ್ತಿರುವುದು ನಿಮ್ಮದೇ ಹೋದ ತಿಂಗಳಿನ ಜೊತೆ ಹೋಲಿಸಿಕೊಳ್ಳಿ ಅಂತ.

ಇನ್ನು ಲಿಫ್ಟ್. ಕಟ್ಟಡ ನೋಡಿಕೊಳ್ಳುವವರಿಗೆ ಬಾಯಲ್ಲಿ ಹೇಳಿ ಬಿಡಬೇಡಿ. ಯಾವ ದಿನ, ಎಷ್ಟು ಹೊತ್ತು ನಿಂತಿತ್ತು ಎಂದು ಬರೆದು, ಅಕ್ಕಪಕ್ಕದವರ ಸಹಿ ಹಾಕಿಸಿ ಕೊಡಿ. ಸಹಿಗೆ ಮನೆ ಮನೆ ಹತ್ತಿಳಿಯುವ ಕೆಲಸವನ್ನು ನಿಮ್ಮ ಯಜಮಾನರಿಗೇ ಬಿಡಿ.