ನಾನೂ ನಿಮ್ಮ ಪಕ್ಷದವನೇ, ಆದರೂ ಈ ಲೇಖನ ಹಾಕುವುದಿಲ್ಲ

ಪ್ರಿಯ ಬ್ರದರ್,

ಸಿಂಧನೂರಿನಿಂದ ನೀವು ಕಳಿಸಿದ ‘ತೊಟ್ಟು ನೀರಿನ ಕ್ರೈಸ್ತರು’ ಲೇಖನ ಓದಿದೆ. ಕೂಸುಗಳಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ, ನೀರಿನಿಂದ ಸಭೆಗೆ ಸೇರಿಸುವ ವಿಧಿ) ಕೊಡುವುದು ತಪ್ಪು, ನಂಬಿಕೆ ಬಂದ ಮೇಲೆ ನೀರಿನಲ್ಲಿ ಮುಳುಗಿ ತೆಗೆದುಕೊಂಡದ್ದೇ ನಿಜವಾದ ದೀಕ್ಷಾಸ್ನಾನ ಎಂಬುದು ನಿಮ್ಮ ವಾದ. ಈಗಿರುವ ರೂಪದಲ್ಲಿ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸುಮ್ನೆ ಕಾಯಿಸುವುದು ಸರಿಯಲ್ಲ.

ನಿಮ್ಮ ಅಭಿಪ್ರಾಯ ನನಗೆ ಹಿಡಿಸಲಿಲ್ಲ ಅಂತ ತಿಳಿಯಬೇಡಿ. ಈ ವಿಷಯದಲ್ಲಿ ನಾನೂ ನಿಮ್ಮ ಪಕ್ಷದವನೇ. ಸತ್ಯವೇದದ, ಅಂದರೆ ಬೈಬಲಿನ, ಹೊಸ ಒಡಂಬಡಿಕೆಯಲ್ಲಿ ಒಂದು ಕೂಸಿಗೆ ದೀಕ್ಷಾಸ್ನಾನ ಆಯಿತು ಅಂತ ಎಲ್ಲೂ ನೇರವಾಗಿ ಬರೆದಿಲ್ಲ. ಜನ ಕೇಳಿದರು, ನಂಬಿದರು, ಆಮೇಲೆ ನೀರಿಗೆ ಇಳಿದರು. ನಿಮ್ಮ ಲೇಖನಕ್ಕೆ ತಲೆದೂಗಬೇಕಾದ ಓದುಗ ನಾನು. ಆದರೆ ಓದುತ್ತಾ ಹೋದ ಹಾಗೆ ನನಗೆ ಸಂಕಟವೇ ಜಾಸ್ತಿ ಆಯಿತು. ಮಾನ್ವಿಯಲ್ಲೋ ಕುಷ್ಟಗಿಯಲ್ಲೋ ಒಬ್ಬ ತಾಯಿ ತನ್ನ ಮಗುವನ್ನು ಎತ್ತಿಕೊಂಡು ಸಭೆಯ ಅಯ್ಯನವರ (ಪಾದ್ರಿಯ) ಮುಂದೆ ನಿಂತವಳು ಇದನ್ನು ಓದಿದರೆ, ತಾನು ಯಾಕೆ ಹಾಗೆ ಮಾಡಿದೆ ಎಂಬುದು ಅವಳಿಗೆ ಇದರಲ್ಲಿ ಎಲ್ಲೂ ಸಿಗುವುದಿಲ್ಲ. ಬೈಗುಳ ಮಾತ್ರ ಸಿಗುತ್ತದೆ.

ಎರಡನೇ ಪುಟದ ಈ ಸಾಲು ನೋಡಿ: “ಕೂಸಿನ ತಲೆಗೆ ನೀರು ಚಿಮುಕಿಸುವವರು ಸತ್ಯವೇದವನ್ನು ತೆರೆದು ನೋಡಿದವರೇ ಅಲ್ಲ.” ಬ್ರದರ್, ನಾನು ಈ ಉತ್ತರ ಬರೆಯುತ್ತಿರುವುದು ಬಳ್ಳಾರಿಯಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಈ ಊರಿಗೆ ಬಂದರು. ಕನ್ನಡ ಕಲಿತು, ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. ಪೂರ್ತಿ ಸತ್ಯವೇದ ಕನ್ನಡದಲ್ಲಿ ಕೈಗೆ ಬಂದದ್ದು 1831ರಲ್ಲಿ. ಇಷ್ಟು ವರ್ಷ ಬಿಸಿಲಿನ ಈ ಊರಲ್ಲಿ ಕೂತು ಒಂದೊಂದೇ ವಚನ ತೂಗಿ ನೋಡಿದ ಅವರ ಮಿಷನ್ ಕೂಸುಗಳಿಗೆ ದೀಕ್ಷಾಸ್ನಾನ ಕೊಡುವ ಮಿಷನ್ನೇ. ಅದೇ ಕಾಲಕ್ಕೆ ಅತ್ತ ಬಂಗಾಳದ ಶ್ರೀರಾಂಪುರದಲ್ಲಿ ವಿಲಿಯಂ ಕೇರಿಯವರ ಬಳಗ ಕನ್ನಡದ ಹೊಸ ಒಡಂಬಡಿಕೆ ಅಚ್ಚು ಹಾಕಿತು. ಕೇರಿ ಬ್ಯಾಪ್ಟಿಸ್ಟರು, ನಿಮ್ಮ ನನ್ನ ಹಾಗೆ ಮುಳುಗಿಸುವ ಪಕ್ಷದವರು. ಕನ್ನಡದವರಿಗೆ ವಾಕ್ಯ ತಲುಪಿಸಲು ಎರಡೂ ಕಡೆಯವರು ಬೆವರು ಸುರಿಸಿದ್ದಾರೆ. ‘ತೆರೆದು ನೋಡಿದವರೇ ಅಲ್ಲ’ ಎಂಬ ಮಾತು ಈ ಊರಿನಲ್ಲಿ ನಿಲ್ಲುವುದಿಲ್ಲ.

ಇನ್ನು ಕೂಸುಗಳಿಗೆ ದೀಕ್ಷಾಸ್ನಾನ ಕೊಡುವವರ ವಾದವನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ: “ಇದು ಬರೀ ಸಂಪ್ರದಾಯ.” ಅವರು ಅಷ್ಟೇ ಹೇಳುತ್ತಾರಾ? ಅವರ ಮಾತು ಶುರುವಾಗುವುದು ಆದಿಕಾಂಡ 17ರಿಂದ. ಅಬ್ರಹಾಮನ ಸಂತಾನದ ಕೂಸಿಗೆ ಎಂಟನೆಯ ದಿನ ಒಡಂಬಡಿಕೆಯ ಗುರುತಾಗಿ ಸುನ್ನತಿ ಮಾಡಲಾಗುತ್ತಿತ್ತು. ಆ ಕೂಸಿಗೆ ಏನೂ ತಿಳಿದಿರಲಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಪೌಲ ಸುನ್ನತಿ ಮತ್ತು ದೀಕ್ಷಾಸ್ನಾನ ಎರಡನ್ನೂ ಒಟ್ಟಿಗೆ ತರುತ್ತಾನೆ. ಪವಿತ್ರಾತ್ಮ ಇಳಿದು ಬಂದ ಪಂಚಾಶತ್ತಮ ದಿನ ಪೇತ್ರ, ಈ ವಾಗ್ದಾನ ನಿಮಗೂ ನಿಮ್ಮ ಮಕ್ಕಳಿಗೂ ಇದೆ ಅನ್ನುತ್ತಾನೆ. ಲುದ್ಯಳ ಮನೆಯವರು, ಫಿಲಿಪ್ಪಿಯ ಸೆರೆಮನೆ ಯಜಮಾನನ ಮನೆಯವರು, ಸ್ತೆಫನನ ಮನೆಯವರು, ಹೀಗೆ ಮನೆಗೆ ಮನೆಯೇ ದೀಕ್ಷಾಸ್ನಾನ ತೆಗೆದುಕೊಂಡಿತು. ನಾವು ಕೇಳುವುದಕ್ಕೆ ಮುಂಚೆಯೇ ದೇವರ ಕೃಪೆ ನಮ್ಮನ್ನು ಹುಡುಕಿ ಬರುತ್ತದೆ, ಕೂಸಿನ ದೀಕ್ಷಾಸ್ನಾನ ಅದನ್ನೇ ತೋರಿಸುತ್ತದೆ ಅನ್ನುತ್ತಾರೆ ಅವರು. ಇಷ್ಟೆಲ್ಲ ಕೇಳಿದ ಮೇಲೂ ನಾನು ಒಪ್ಪುವುದಿಲ್ಲ. ಆ ಮನೆಗಳಲ್ಲಿ ಕೂಸುಗಳಿದ್ದವು ಅಂತ ಎಲ್ಲೂ ಹೇಳಿಲ್ಲ. ಆದರೆ ಇದು ಯೋಚನೆ ಮಾಡಿದ ಜನರ ವಾದ. ಇದನ್ನು ಇಷ್ಟು ಬಿಗಿಯಾಗಿ ಮೊದಲು ಬರೆದು, ಆಮೇಲೆ ಉತ್ತರ ಕೊಡಿ. ಆಗ ನಿಮ್ಮ ಲೇಖನಕ್ಕೆ ಶಕ್ತಿ ಬರುತ್ತದೆ.

ವಾದದಲ್ಲಿ ದೀನತೆ ಅಂದರೆ ನನ್ನ ಮಟ್ಟಿಗೆ ಈ ಕೆಲಸವೇ. ನೀವು ಕೊನೆಯ ಪ್ಯಾರಾದಲ್ಲಿ “ನಾನು ಅಲ್ಪನು, ಧೂಳಿಗೆ ಸಮಾನನು, ತಪ್ಪಿದ್ದರೆ ಕ್ಷಮಿಸಿ” ಅಂತ ಬರೆದಿದ್ದೀರಿ. ಅದನ್ನು ಮನಸ್ಸಿನಿಂದಲೇ ಬರೆದಿರುತ್ತೀರಿ, ಅನುಮಾನವಿಲ್ಲ. ಆದರೆ ಏಳು ಪುಟ ಎದುರಿನವರ ಮಾತಿಗೆ ಕಿವಿಯನ್ನೇ ಕೊಡದೆ, ಕೊನೆಯಲ್ಲಿ ಕೈಮುಗಿದರೆ ಓದುವವರಿಗೆ ನೋವು ಕಡಿಮೆ ಆಗುವುದಿಲ್ಲ. ಆ ಪ್ಯಾರಾ ತೆಗೆದುಹಾಕಿ.

ಕೆಲವು ತಪ್ಪುಗಳು ನೇರವಾಗಿ ತಿದ್ದಬೇಕಾದವು. ಕೂಸಿದ್ದಾಗ ದೀಕ್ಷಾಸ್ನಾನ ಆದವರನ್ನು ದೊಡ್ಡವರಾದ ಮೇಲೆ ಯಾರೂ ಏನೂ ಕೇಳುವುದಿಲ್ಲ ಅಂದಿದ್ದೀರಿ. ಹಾಗಲ್ಲ. ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ದೃಢೀಕರಣ ಇದೆ, ಅಂದರೆ ದೊಡ್ಡವರಾದ ಮೇಲೆ ತಮ್ಮ ನಂಬಿಕೆಯನ್ನು ತಾವೇ ಒಪ್ಪಿಕೊಳ್ಳುವ ವಿಧಿ. ಮೆಥೋಡಿಸ್ಟರಲ್ಲೂ ಪಾಠ ಹೇಳಿ, ಸಭೆಯ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡ ಮೇಲೆಯೇ ಪೂರ್ಣ ಸದಸ್ಯರಾಗಿ ಸೇರಿಸಿಕೊಳ್ಳುತ್ತಾರೆ. “ಮುಖ್ಯವಾದದ್ದರಲ್ಲಿ ಐಕ್ಯ, ಉಳಿದದ್ದರಲ್ಲಿ ಸ್ವಾತಂತ್ರ್ಯ, ಎಲ್ಲದರಲ್ಲೂ ಪ್ರೀತಿ” ಎಂಬ ಮಾತು ಹಳೆಯ ಕಾಲದ ಸಭೆಯ ಗುರು ಅಗಸ್ಟೀನರದು ಅಂತ ಹಾಕಿದ್ದೀರಿ. ಬಹಳ ಜನ ಹಾಗೇ ಹೇಳುತ್ತಾರೆ. ಆದರೆ ಅದು 17ನೇ ಶತಮಾನದ್ದು, ಜರ್ಮನಿಯ ಲೂಥರನ್ ಒಬ್ಬರು ಮೆಲ್ಡೇನಿಯಸ್ ಎಂಬ ಹೆಸರಿನಲ್ಲಿ ಬರೆದ ಬರಹದಲ್ಲಿ ಬರುತ್ತದೆ.

ಮೊದಲ ಕಾಲದ ಸಭೆಯಲ್ಲಿ ತಲೆಯ ಮೇಲೆ ನೀರು ಹಾಕುವುದು ಯಾರಿಗೂ ಗೊತ್ತೇ ಇರಲಿಲ್ಲ ಅನ್ನುವುದೂ ಸರಿಯಲ್ಲ. ದಿದಾಖೆ ಅಂತ ಒಂದು ಸಣ್ಣ ಕೈಪಿಡಿ ಇದೆ, ಬಹಳ ಹಳೆಯದು, ಅಪೊಸ್ತಲರ ಕಾಲಕ್ಕೆ ಹತ್ತಿರದ್ದು. ಹರಿಯುವ ನೀರಿನಲ್ಲಿ ದೀಕ್ಷಾಸ್ನಾನ ಕೊಡಿ, ಅದಿಲ್ಲದಿದ್ದರೆ ಬೇರೆ ನೀರಿನಲ್ಲಿ ಕೊಡಿ, ತಣ್ಣೀರು ಆಗದಿದ್ದರೆ ಬಿಸಿನೀರು, ಎರಡೂ ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ನೀರು ಸುರಿಯಿರಿ ಅಂತ ಅದರಲ್ಲಿದೆ. ರಾಯಚೂರು ಜಿಲ್ಲೆಯವರಿಗೆ ಇದು ಬೇಗ ಅರ್ಥವಾಗಬೇಕು. ಕಾಲುವೆಯ ಕೆಳಭಾಗದ ಊರುಗಳಿಗೆ ಬೇಸಿಗೆಯಲ್ಲಿ ಕುಡಿಯುವ ನೀರೇ ಬರದ ವರ್ಷಗಳನ್ನು ನಾವು ನೋಡಿಲ್ವಾ? ಆ ಕೈಪಿಡಿ ಬರೆದವರು ನೀರಿನ ಪ್ರಮಾಣಕ್ಕಿಂತ, ಯಾರ ಹೆಸರಿನಲ್ಲಿ ಕೊಡುತ್ತೇವೆ ಎಂಬುದನ್ನು ಗಟ್ಟಿಯಾಗಿ ಹಿಡಿದಿದ್ದರು.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟ ಜಾಗಕ್ಕೆ ಬರುತ್ತೇನೆ. ಐದನೇ ಪುಟದಲ್ಲಿ ಗಲಾತ್ಯದವರಿಗೆ ಪೌಲ ಬರೆದ ಪತ್ರದ 1:8 ಎತ್ತಿಕೊಂಡು, ಕೂಸುಗಳಿಗೆ ದೀಕ್ಷಾಸ್ನಾನ ಕೊಡುವ ಸಭೆಗಳು ‘ಬೇರೊಂದು ಸುವಾರ್ತೆ’ ಸಾರುವ ಶಾಪಗ್ರಸ್ತರು ಅಂದಿದ್ದೀರಿ. ಅವರ ಜೊತೆ ಕರ್ತನ ಭೋಜನಕ್ಕೆ (ರೊಟ್ಟಿ ಮತ್ತು ದ್ರಾಕ್ಷಾರಸದ ಪವಿತ್ರ ಊಟಕ್ಕೆ) ಕೂರಬಾರದು ಅಂತಲೂ ಬರೆದಿದ್ದೀರಿ. ಇನ್ನೊಂದು ಅಧ್ಯಾಯ ಮುಂದೆ ಓದಿ. ಅಂತಿಯೋಕ್ಯದಲ್ಲಿ ಪೌಲ ಪೇತ್ರನನ್ನು ಮುಖಾಮುಖಿ ಎದುರಿಸಿದ್ದು ಯಾತಕ್ಕೆ? ಪೇತ್ರ ಅನ್ಯಜನರಾದ, ಅಂದರೆ ಯೆಹೂದ್ಯರಲ್ಲದ, ವಿಶ್ವಾಸಿಗಳ ಜೊತೆ ಊಟಕ್ಕೆ ಕೂರುತ್ತಿದ್ದವನು, ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬನ ಕಡೆಯವರು ಬಂದಾಗ ಹೆದರಿ ಎದ್ದು ಹೋದ. ಕ್ರಿಸ್ತನಲ್ಲಿ ನಂಬಿಕೆ ಇಟ್ಟದ್ದು ಸಾಲದು, ಸುನ್ನತಿ ಎಂಬ ಇನ್ನೂ ಒಂದು ಗುರುತು ಇದ್ದರೇ ನೀನು ನಮ್ಮವನು ಅನ್ನುವುದನ್ನು ಪೌಲ ಸಹಿಸಲಿಲ್ಲ. ಒಟ್ಟಿಗೆ ಊಟಕ್ಕೆ ಕೂರಬೇಕು ಅಂತ ಬರೆದ ಪತ್ರವನ್ನೇ ಹಿಡಿದು ನೀವು ಊಟದಿಂದ ಎಬ್ಬಿಸುತ್ತಿದ್ದೀರಿ. ದಯವಿಟ್ಟು ಈ ಪ್ಯಾರಾವನ್ನು ಪ್ರಾರ್ಥನೆಯಲ್ಲಿ ಇಟ್ಟು ಇನ್ನೊಮ್ಮೆ ಓದಿ.

ಅದೇ ಪೌಲ ರೋಮಾಪುರದವರಿಗೆ ಬರೆದ 14ನೇ ಅಧ್ಯಾಯದಲ್ಲಿ ಎಷ್ಟು ಮೆತ್ತಗಿದ್ದಾನೆ ನೋಡಿ. ಒಬ್ಬ ಎಲ್ಲವನ್ನೂ ತಿನ್ನುತ್ತಾನೆ, ಇನ್ನೊಬ್ಬ ಕಾಯಿಪಲ್ಯ ಮಾತ್ರ. ಒಬ್ಬನಿಗೆ ಒಂದು ದಿನ ವಿಶೇಷ, ಇನ್ನೊಬ್ಬನಿಗೆ ಎಲ್ಲ ದಿನವೂ ಒಂದೇ. ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ, ಆದರೆ ಇನ್ನೊಬ್ಬರ ಆಳಿನ ಮೇಲೆ ತೀರ್ಪು ಹೇಳಲು ನೀನು ಯಾರು ಅಂತ ಕೇಳುತ್ತಾನೆ. ದೀಕ್ಷಾಸ್ನಾನ ಕರ್ತನೇ ಕೊಟ್ಟ ಆಜ್ಞೆ, ಕಾಯಿಪಲ್ಯದಷ್ಟು ಹಗುರ ಅಲ್ಲ, ನಿಜ. ಆದರೆ ಯೇಸು ಸತ್ತು ಎದ್ದನು ಎಂಬುದನ್ನು ಅಲ್ಲಗಳೆಯುವವನಿಗೆ ಕೊಡುವ ಉತ್ತರವನ್ನೇ, ಅದೇ ಯೇಸುವಿನ ಹೆಸರಿನಲ್ಲಿ ಮಗುವನ್ನು ಸಭೆಗೆ ತಂದವಳಿಗೂ ಕೊಡುವುದೇ? ಕೊರಿಂಥದಲ್ಲಿ ದೀಕ್ಷಾಸ್ನಾನದ ಹೆಸರಿನಲ್ಲೂ ಗುಂಪುಗಳಾಗುವ ಅಪಾಯ ಬಂದಾಗ, ಕ್ರಿಸ್ಪನನ್ನೂ ಗಾಯನನ್ನೂ ಬಿಟ್ಟು ನಿಮ್ಮಲ್ಲಿ ಯಾರಿಗೂ ನಾನು ಕೊಡಲಿಲ್ಲ, ದೇವರಿಗೆ ಸ್ತೋತ್ರ ಅಂದ ಪೌಲ. ಆಮೇಲೆ ಸ್ತೆಫನನ ಮನೆಯವರನ್ನೂ ನೆನಪು ಮಾಡಿಕೊಂಡ.

ನಮ್ಮ ಪಕ್ಷದ ಇಂಗ್ಲೆಂಡಿನ ಬೋಧಕ ಜಾನ್ ಬನಿಯನ್ನರೂ 1673ರಲ್ಲಿ ಇದನ್ನೇ ವಾದಿಸಿದರು. ನೀರಿನ ದೀಕ್ಷಾಸ್ನಾನದ ಬಗ್ಗೆ ಅಭಿಪ್ರಾಯ ಬೇರೆ ಎಂಬ ಕಾರಣಕ್ಕೆ ಒಬ್ಬ ವಿಶ್ವಾಸಿಯನ್ನು ಕರ್ತನ ಮೇಜಿನಿಂದ ದೂರ ಇಡಬಾರದು ಅಂದರು. ಅದಕ್ಕೆ ಲಂಡನ್ನಿನ ಬ್ಯಾಪ್ಟಿಸ್ಟರಿಂದಲೇ ಬೈಸಿಕೊಂಡರು.

ಹಾಗಾದರೆ ಅಭಿಪ್ರಾಯವನ್ನೇ ಬಿಡಬೇಕಾ ಅಂತ ನೀವು ಕೇಳಬಹುದು. ಖಂಡಿತ ಬೇಡ. ಇಂಗ್ಲೆಂಡಿನ ಬೋಧಕರಾದ ಜಾನ್ ವೆಸ್ಲಿ ಮತ್ತು ಜಾರ್ಜ್ ವೈಟ್‌ಫೀಲ್ಡ್, ರಕ್ಷಣೆ ಹೊಂದುವವರನ್ನು ದೇವರು ಮೊದಲೇ ಆರಿಸಿದ್ದಾನಾ ಎಂಬ ವಿಷಯದಲ್ಲಿ 1739ರಿಂದ ಬಹಿರಂಗವಾಗಿಯೇ ಜಗಳವಾಡಿದರು. ಇಬ್ಬರೂ ತಮ್ಮ ಮಾತು ಬಿಡಲಿಲ್ಲ. 1770ರಲ್ಲಿ ವೈಟ್‌ಫೀಲ್ಡ್ ಅಮೆರಿಕದಲ್ಲಿ ತೀರಿಕೊಂಡಾಗ ಲಂಡನ್ನಿನಲ್ಲಿ ಸ್ಮರಣೆಯ ಪ್ರಸಂಗ ಮಾಡಿದವರು ವೆಸ್ಲಿ. ವೈಟ್‌ಫೀಲ್ಡ್ ಬಯಸಿದ್ದೂ ಅದನ್ನೇ. ನಮ್ಮಲ್ಲಿ ಇದು ಅಪರೂಪ ಆಗುತ್ತಿದೆ ಅಂತ ನನಗೆ ದುಃಖ. ಒಂದೇ ಓಣಿಯಲ್ಲಿ ಎರಡು ಸಭೆಗಳಿದ್ದರೆ ಒಬ್ಬರ ಮನೆಯ ಮಣ್ಣಿಗೆ ಇನ್ನೊಬ್ಬರು ಹೋಗಲು ಹಿಂದೆಮುಂದೆ ನೋಡುವ ಹಾಗಾಗಿದೆ.

ನಿಮ್ಮ ಬರಹದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಜಾಗವೂ ಒಂದಿದೆ, ನಾಲ್ಕನೇ ಪುಟ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನಿಮ್ಮ ದೀಕ್ಷಾಸ್ನಾನ. ಕೆಂಪು ನೀರು, ಸೆಳೆತ ಜಾಸ್ತಿ ಅಂತ ಇಬ್ಬರು ಹಗ್ಗ ಹಿಡಿದು ನಿಂತಿದ್ದರು. ದಂಡೆಯ ಮೇಲೆ ನಿಮ್ಮ ಅಜ್ಜಿ, ಮೆಥೋಡಿಸ್ಟ್ ಸಭೆಯವರು, ಟವೆಲ್ಲು ಮತ್ತು ಒಣ ಅಂಗಿ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು. ಕಣ್ಣಿಗೆ ಕಟ್ಟಿದ ಹಾಗೆ ಬರೆದಿದ್ದೀರಿ. ಮುಂದಿನ ಸಾಲಿನಲ್ಲೇ “ಕೂಸಿನಲ್ಲಿ ನೀರು ಚಿಮುಕಿಸಿಕೊಂಡ ಆಕೆಗೆ ಇದು ಅರ್ಥವಾಗುವಂಥದ್ದಲ್ಲ” ಅಂತ ಅವರನ್ನು ಬಿಟ್ಟು ಮುಂದೆ ಹೋಗಿದ್ದೀರಿ. ನಿಮಗೆ ಹೇಗೆ ಗೊತ್ತು, ಕೇಳಿದ್ದೀರಾ? ಪ್ರಾರ್ಥನೆ ಮಾಡಲು ಕಲಿಸಿದವರು ಆಕೆಯೇ ಅಂತ ಮೊದಲ ಪುಟದಲ್ಲಿ ನೀವೇ ಬರೆದಿದ್ದೀರಿ. ತನ್ನ ದೀಕ್ಷಾಸ್ನಾನ ಸಾಲದು ಅನ್ನುವ ಮೊಮ್ಮಗನಿಗಾಗಿ ಒಣ ಅಂಗಿ ಹಿಡಿದು ಬಂದ ಆಕೆಯ ಮನಸ್ಸಿನಲ್ಲಿ ಏನಿತ್ತು? ಈ ಲೇಖನದ ನಿಜವಾದ ವಿಷಯ ಅಲ್ಲಿದೆ. ಆಕೆಯ ಹತ್ತಿರ ಕೂತು ಮಾತಾಡಿ. ವಾದ ಮಾಡಲು ಹೋಗಬೇಡಿ, ಕೇಳಿಸಿಕೊಳ್ಳಿ. ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ. ಆಮೇಲೆ ನಿಮ್ಮ ಉತ್ತರ ಬರಲಿ, ಅದು ಗಟ್ಟಿಯಾಗಿಯೇ ಇರಲಿ.

ಬರವಣಿಗೆಯ ಬಗ್ಗೆ ಎರಡು ಮಾತು. ವಚನಗಳ ನಂಬರುಗಳನ್ನು ಒಂದೇ ಸಾಲಿನಲ್ಲಿ ಪೋಣಿಸಬೇಡಿ. ಎರಡು ಮೂರನ್ನು ತೆಗೆದುಕೊಂಡು ಬಿಡಿಸಿ ಹೇಳಿ. ಆಶ್ಚರ್ಯಸೂಚಕ ಚಿಹ್ನೆಗಳನ್ನೆಲ್ಲ ತೆಗೆಯಿರಿ. ತಲೆಬರಹವನ್ನೂ ಬದಲಿಸಿ. ನಿಮ್ಮ ಅಜ್ಜಿಯ ಎದುರು ಓದಲು ಆಗದ ತಲೆಬರಹ ನಮ್ಮ ಪತ್ರಿಕೆಗೂ ಬೇಡ.

ಹೊಸ ಪ್ರತಿ ಸಿದ್ಧವಾದ ಮೇಲೆ ನನಗೆ ಕಳಿಸುವ ಮುಂಚೆ ಕೂಸುಗಳಿಗೆ ದೀಕ್ಷಾಸ್ನಾನ ಕೊಡುವ ಒಬ್ಬ ಅಯ್ಯನವರಿಗೆ ಓದಲು ಕೊಡಿ. ಒಪ್ಪುತ್ತೀರಾ ಅಂತ ಕೇಳಬೇಡಿ. ನಿಮ್ಮ ಮಾತನ್ನು ಸರಿಯಾಗಿ ಬರೆದಿದ್ದೇನಾ ಅಂತ ಮಾತ್ರ ಕೇಳಿ. ಅವರು ತಿದ್ದಿದ ಪ್ರತಿಯನ್ನೂ ಜೊತೆಗೆ ಇಟ್ಟು ಕಳಿಸಿ, ಎರಡನ್ನೂ ಓದುತ್ತೇನೆ.

ಕ್ರಿಸ್ತನಲ್ಲಿ ನಿಮ್ಮ ಸಹೋದರ,
ಸಂಪಾದಕ, ಬಳ್ಳಾರಿ